‘ತುಘಲಕ್’ ನಾಟಕದ ಕೊನೆಯ ದೃಶ್ಯ: ಒಂದು ಅಭ್ಯಾಸ

ಪೀಠಿಕೆ

ನಮ್ಮ ಆಡುಮಾತಿನಲ್ಲಿ ‘ತುಘಲಕ್ ದರ್ಬಾರು’ ಎಂಬುದೊಂದು ನುಡಿಗಟ್ಟು ಉಂಟು. ಹಿಂದುಮುಂದು ನೋಡದೆ ಅಪ್ಪಣೆ ಹೊರಡಿಸಿ, ಮರುದಿನವೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವರನ್ನು ಕಂಡಾಗ ಜನರು ಈ ಮಾತನ್ನಾಡುತ್ತಾರೆ. ಇತಿಹಾಸದ ತರಗತಿಯಲ್ಲಿಯೂ ನಾವು ಈ ಸುಲ್ತಾನನ ಬಗೆಗೆ ಎರಡು ಸಂಗತಿಗಳನ್ನು ತಪ್ಪದೆ ಬಾಯಿಪಾಠ ಮಾಡುತ್ತೇವೆ: ಅವನು ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸಿದನು, ಬೆಳ್ಳಿಯ ನಾಣ್ಯಕ್ಕಿದ್ದ ಬೆಲೆಯನ್ನು ತಾಮ್ರದ ನಾಣ್ಯಕ್ಕೆ ಕೊಟ್ಟನು. ಇವೆರಡನ್ನೂ ಬರೆದು, ‘ಆದುದರಿಂದ ಇವನು ಹುಚ್ಚು ದೊರೆ’ ಎಂದು ಮುಗಿಸಿದರೆ ಪರೀಕ್ಷೆಯಲ್ಲಿ ಗುಣಗಳು ದೊರೆಯಬಹುದು. ಆದರೆ ಒಬ್ಬ ಮನುಷ್ಯನ ಜೀವನವನ್ನು ಹೀಗೆ ಒಂದು ಮಾತಿನಲ್ಲಿ ತೀರ್ಮಾನಿಸಿಬಿಡಲು ನಮಗೆ ಅಧಿಕಾರವುಂಟೆ? ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವು ನಮ್ಮನ್ನು ಕೇಳುವ ಪ್ರಶ್ನೆ ಇದೇ ಆಗಿದೆ. ಆ ಪ್ರಶ್ನೆಯು ಎಲ್ಲಕ್ಕಿಂತ ತೀಕ್ಷ್ಣವಾಗಿ ಕಾಣಿಸಿಕೊಳ್ಳುವುದು ಅದರ ಕೊನೆಯ ದೃಶ್ಯದಲ್ಲಿ. ಆ ಒಂದು ದೃಶ್ಯವನ್ನು ಮಾತ್ರ ಎತ್ತಿಕೊಂಡು ಇಲ್ಲಿ ಅಭ್ಯಾಸ ಮಾಡೋಣ.

ಈ ನಾಟಕಕ್ಕೂ ನಮ್ಮ ಮುಂಬಯಿಗೂ ದೂರದ ಸಂಬಂಧವೇನೂ ಅಲ್ಲ. ಕಾರ್ನಾಡರು ೧೯೩೮ರಲ್ಲಿ ಜನಿಸಿದುದು ನಮ್ಮ ನಗರಕ್ಕೆ ಸಮೀಪದ ಮಾಥೇರಾನದಲ್ಲಿ. ಅವರು ಬೆಳೆದುದು ಶಿರಸಿ, ಧಾರವಾಡಗಳಲ್ಲಿ. ಹೆಚ್ಚಿನ ವಿದ್ಯಾಭ್ಯಾಸ ಮಾಡಿದುದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ‘ಯಯಾತಿ’ ೧೯೬೧ರಲ್ಲಿ ಪ್ರಕಟವಾಯಿತು. ‘ತುಘಲಕ್’ ೧೯೬೪ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದಿತು. ಆಗ ನಾಟಕಕಾರರಿಗೆ ಇಪ್ಪತ್ತಾರರ ಆಸುಪಾಸಿನ ವಯಸ್ಸು. ಕನ್ನಡ ರಂಗಭೂಮಿಯಲ್ಲಿ ಸಿ. ಆರ್. ಸಿಂಹ ಅವರು ಸುಲ್ತಾನನ ಪಾತ್ರದಿಂದ ಹೆಸರಾದರು. ದಿಲ್ಲಿಯ ಪುರಾನಾ ಕಿಲಾದ ಪರಿಸರದಲ್ಲಿ ಇಬ್ರಾಹಿಂ ಅಲ್ಕಾಜಿಯವರು ಇದನ್ನು ಆಡಿಸಿದರು. ನಮ್ಮ ಮುಂಬಯಿಯಲ್ಲಿ ೧೯೭೦ರಲ್ಲಿ ಅಲೀಕ್ ಪದಮ್ಸೀ ಅವರು ಇದನ್ನು ಇಂಗ್ಲಿಷಿನಲ್ಲಿ ರಂಗಕ್ಕೆ ತಂದರು. ಹೀಗೆ ಕನ್ನಡದಲ್ಲಿ ಹುಟ್ಟಿದ ಒಂದು ನಾಟಕವು ಕೆಲವೇ ವರ್ಷಗಳಲ್ಲಿ ಭಾರತದ ನಾಟಕವಾಯಿತು. ೨೦೧೯ರಲ್ಲಿ ಕಾರ್ನಾಡರು ತೀರಿಕೊಂಡರು. ನಾಟಕವು ಇಂದಿಗೂ ಓದಲ್ಪಡುತ್ತಿದೆ, ಆಡಲ್ಪಡುತ್ತಿದೆ.

ವೇರೂಳದ ಗುಹೆಗಳನ್ನು ನೋಡಲು ಶಾಲೆಯ ಪ್ರವಾಸದಲ್ಲಿ ಹೋದವರು ದಾರಿಯಲ್ಲಿಯೇ ದೌಲತಾಬಾದಿನ ಕೋಟೆಯನ್ನು ಕಂಡಿರಬಹುದು. ಅದೇ ಹಳೆಯ ದೇವಗಿರಿ. ಸೇವುಣ ಅರಸರ ರಾಜಧಾನಿ. ಸುತ್ತ ಬಯಲು, ನಡುವೆ ಕಡಿದು ನಿಲ್ಲಿಸಿದಂತಹ ಒಂಟಿ ಬೆಟ್ಟ, ಒಳಗೆ ಹಗಲಿನಲ್ಲಿಯೂ ಕಣ್ಣು ಕಾಣದ ಕತ್ತಲ ದಾರಿ. ನಾವು ನೋಡಲಿರುವ ಕೊನೆಯ ದೃಶ್ಯವು ನಡೆಯುವುದು ಈ ದೌಲತಾಬಾದಿನ ಅರಮನೆಯಲ್ಲಿ.

ದುರಂತ ನಾಟಕದ ಲಕ್ಷಣ

ದುರಂತ ನಾಟಕಕ್ಕೆ ರುದ್ರನಾಟಕವೆಂಬ ಹೆಸರೂ ಉಂಟು. ಗ್ರೀಕರಲ್ಲಿ ಹುಟ್ಟಿದ ಈ ಪ್ರಕಾರವನ್ನು ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಮೊದಲಾದ ಕೃತಿಗಳ ಮೂಲಕ ಕನ್ನಡಿಗರಿಗೆ ಪರಿಚಯ ಮಾಡಿಕೊಟ್ಟರು. ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ದುರಂತ ನಾಯಕನನ್ನು ಕುರಿತು ಹೇಳಿದುದರ ಸಾರ ಹೀಗಿದೆ: ಅವನು ಪೂರ್ಣ ಸಜ್ಜನನೂ ಆಗಿರಬಾರದು, ಪೂರ್ಣ ದುರ್ಜನನೂ ಆಗಿರಬಾರದು, ದೊಡ್ಡ ಸ್ಥಾನದಲ್ಲಿದ್ದು, ತನ್ನದೇ ಒಂದು ಪ್ರಮಾದದಿಂದ ಕೆಳಗೆ ಬೀಳಬೇಕು, ಬೀಳುವಾಗ ಅವನಿಗೆ ತನ್ನ ನಿಜಸ್ಥಿತಿಯ ಅರಿವಾಗಬೇಕು, ಅದನ್ನು ನೋಡುವ ನಮ್ಮಲ್ಲಿ ಭಯವೂ ಕರುಣೆಯೂ ಹುಟ್ಟಬೇಕು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ನಾಯಕನು ಸತ್ತರೆ ಮಾತ್ರ ದುರಂತ ಎಂದು ಹಲವರು ಭಾವಿಸುತ್ತಾರೆ. ಅದು ನಿಯಮವಲ್ಲ. ಸೊಫೋಕ್ಲೀಸನ ಈಡಿಪಸ್ ದೊರೆಯು ತನ್ನ ಕಣ್ಣುಗಳನ್ನು ತಾನೇ ಇರಿದುಕೊಂಡು ಕುರುಡನಾಗುತ್ತಾನೆ. ನಾಟಕದ ಕೊನೆಯಲ್ಲಿ ಅವನು ಜೀವಂತನಾಗಿಯೇ ಇರುತ್ತಾನೆ. ಸಾವು ಒಂದು ಬಿಡುಗಡೆಯೂ ಆಗಬಹುದು. ಅದು ದೊರೆಯದೆ ಉಳಿಯುವುದು ಅದಕ್ಕಿಂತ ಕಠಿಣವಾಗಬಹುದು. ‘ತುಘಲಕ್’ ನಾಟಕದ ಕೊನೆಯಲ್ಲಿಯೂ ಸುಲ್ತಾನನು ಸಾಯುವುದಿಲ್ಲ. ಅವನಿಗೆ ನಿದ್ರೆ ಬರುತ್ತದೆ, ಮತ್ತೆ ಎಚ್ಚರವಾಗುತ್ತದೆ, ಅಷ್ಟೆ. ಹಾಗಿದ್ದರೂ ಇದು ದುರಂತವಾಗುವುದು ಹೇಗೆ ಎಂಬುದೇ ನಮ್ಮ ಅಭ್ಯಾಸದ ವಿಷಯ.

ಮೊದಲಿನ ಕಥೆ

ಈ ನಾಟಕವು ಅಂಕಗಳಾಗಿ ವಿಂಗಡವಾಗಿಲ್ಲ. ಇದರಲ್ಲಿ ಹದಿಮೂರು ದೃಶ್ಯಗಳಿವೆ. ಕಥೆಯು ೧೩೨೭ರಲ್ಲಿ ದಿಲ್ಲಿಯಲ್ಲಿ ಮೊದಲಾಗಿ, ಸುಮಾರು ಐದು ವರ್ಷಗಳ ಬಳಿಕ ದೌಲತಾಬಾದಿನಲ್ಲಿ ಮುಗಿಯುತ್ತದೆ. ನಾಟಕದ ಆರಂಭದಲ್ಲಿ ಸುಲ್ತಾನ ಮಹಮ್ಮದನಿಗೆ ಮೂರು ಸಂಪತ್ತುಗಳಿವೆ ಎಂದು ಹೇಳಬಹುದು. ಒಂದು ನ್ಯಾಯ, ಎರಡು ಗೆಳೆತನ, ಮೂರು ಪ್ರಾರ್ಥನೆ.

ಮೊದಲನೆಯದು ನ್ಯಾಯ. ಮೊದಲ ದೃಶ್ಯದಲ್ಲಿ ವಿಷ್ಣುಪ್ರಸಾದನೆಂಬ ಬ್ರಾಹ್ಮಣನು ತನ್ನ ಭೂಮಿಯನ್ನು ಅಧಿಕಾರಿಗಳು ವಶಪಡಿಸಿಕೊಂಡರೆಂದು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದಿರುತ್ತಾನೆ. ಸುಲ್ತಾನನು ನ್ಯಾಯಾಲಯದ ಮುಂದೆ ನೆರೆದ ಜನರೆದುರು ಆ ತೀರ್ಪಿಗೆ ತಲೆಬಾಗುತ್ತಾನೆ. ಬ್ರಾಹ್ಮಣನಿಗೆ ಪರಿಹಾರದ ಹಣವೂ ಸರಕಾರದಲ್ಲಿ ಒಂದು ಹುದ್ದೆಯೂ ದೊರೆಯುತ್ತವೆ. ಮತಭೇದವಿಲ್ಲದ ನ್ಯಾಯವನ್ನು ನಾಡಿನಲ್ಲಿ ನೆಲೆಗೊಳಿಸಬೇಕೆಂಬುದು ಈ ದೊರೆಯ ಕನಸು. ಆದರೆ ಜನರೆಲ್ಲ ಚದುರಿದ ಮೇಲೆ ನಮಗೆ ಗೊತ್ತಾಗುವುದೇನು? ಆ ಬ್ರಾಹ್ಮಣನು ಬ್ರಾಹ್ಮಣನೇ ಅಲ್ಲ. ಅಜೀಜ್ ಎಂಬ ಅಗಸ. ಸುಲ್ತಾನನ ಉದಾರವಾದ ಅಪ್ಪಣೆಯಲ್ಲಿ ಲಾಭದ ದಾರಿಯನ್ನು ಕಂಡುಕೊಂಡು ವೇಷ ಹಾಕಿದವನು.

ಎರಡನೆಯದು ಗೆಳೆತನ. ಎರಡನೆಯ ದೃಶ್ಯದಲ್ಲಿ ಸುಲ್ತಾನನ ಸುತ್ತ ಮೂವರಿದ್ದಾರೆ: ಅವನನ್ನು ಅತಿಯಾಗಿ ಪ್ರೀತಿಸುವ ಮಲತಾಯಿ, ರಾಜಕಾರಣದಲ್ಲಿ ಪಳಗಿದ ನಜೀಬ್, ಸಾತ್ವಿಕನಾದ ಇತಿಹಾಸಕಾರ ಬರನಿ. ಅಲ್ಲಿ ಚದುರಂಗದ ಮಾತಿದೆ, ನಗುವಿದೆ. ರಾತ್ರಿಯೆಲ್ಲ ನಿದ್ರೆಗೆಟ್ಟು ದುಡಿಯುವ ಮಗನಿಗಾಗಿ ತಾಯಿಯ ಕಳವಳವಿದೆ.

ಮೂರನೆಯದು ಪ್ರಾರ್ಥನೆ. ದಿನಕ್ಕೆ ಐದು ಸಲ ತಪ್ಪದೆ ಪ್ರಾರ್ಥನೆ ಮಾಡಬೇಕೆಂದು ಕಟ್ಟುನಿಟ್ಟು ಮಾಡಿದ ದೊರೆ ಇವನು. ಮುಂದೆ ಆರನೆಯ ದೃಶ್ಯದಲ್ಲಿ ಅಮೀರರು ಪ್ರಾರ್ಥನೆಯ ಸಮಯವನ್ನೇ ಆರಿಸಿಕೊಂಡು ಅವನನ್ನು ಕೊಲ್ಲಲು ಯತ್ನಿಸುತ್ತಾರೆ. ಸಂಚು ಬಯಲಾಗುತ್ತದೆ. ಸುಲ್ತಾನನು ತಾನು ನಂಬಿದ್ದ ಶಿಹಾಬುದ್ದೀನನನ್ನು ತನ್ನ ಕೈಯಿಂದಲೇ ಇರಿದು ಕೊಲ್ಲುತ್ತಾನೆ. ಅಲ್ಲಿಂದ ಮುಂದೆ ನಾಡಿನಲ್ಲಿ ಪ್ರಾರ್ಥನೆಯೇ ನಿಷಿದ್ಧವಾಗುತ್ತದೆ. ಖಲೀಫರ ವಂಶದ ಘಿಯಾಸುದ್ದೀನ್ ಅಬ್ಬಾಸಿದನು ಬಂದು ನಾಡನ್ನು ಪಾವನಗೊಳಿಸುವ ತನಕ ಅದು ನಿಂತಿರಬೇಕೆಂದು ಸಾರಲಾಗುತ್ತದೆ.

ಆಮೇಲಿನದು ಇಳಿಜಾರಿನ ದಾರಿ. ದಿಲ್ಲಿಯ ಜನರನ್ನು ಬಲವಂತದಿಂದ ದೌಲತಾಬಾದಿಗೆ ಎಬ್ಬಿಸಲಾಗುತ್ತದೆ. ದಾರಿಯಲ್ಲಿ ತಾಯಿಯೊಬ್ಬಳು ಸಾಯುತ್ತಿರುವ ಮಗುವಿಗಾಗಿ ವೈದ್ಯನ ಬಳಿಗೆ ಹೋಗಲು ಅನುಮತಿ ಬೇಡಿದರೆ, ಅಧಿಕಾರಿಯಾಗಿರುವ ಅಜೀಜ್ ಲಂಚ ಕೇಳುತ್ತಾನೆ. ಖೋಟಾ ತಾಮ್ರದ ನಾಣ್ಯಗಳು ಗಾಡಿಗಟ್ಟಲೆ ಬಂದು ಅರಮನೆಯ ಗುಲಾಬಿ ತೋಟದಲ್ಲಿ ರಾಶಿಬೀಳುತ್ತವೆ. ನಜೀಬನಿಗೆ ವಿಷವಿಕ್ಕಿಸಿದವಳು ಮಲತಾಯಿಯೆಂದು ತಿಳಿದಾಗ, ಆಕೆಯನ್ನು ಕಲ್ಲು ಹೊಡೆದು ಕೊಲ್ಲುವಂತೆ ಸುಲ್ತಾನನು ಅಪ್ಪಣೆ ಮಾಡುತ್ತಾನೆ. ಅತ್ತ ಅಜೀಜನು ನಿಜವಾದ ಘಿಯಾಸುದ್ದೀನನನ್ನು ಕೊಂದು, ಅವನ ವೇಷದಲ್ಲಿ ದೌಲತಾಬಾದಿಗೆ ಬರುತ್ತಾನೆ. ಸುಲ್ತಾನನು ಸಕಲ ಗೌರವದಿಂದ ಅವನನ್ನು ಎದುರುಗೊಂಡು ಪ್ರಾರ್ಥನೆಯನ್ನು ಮತ್ತೆ ಆರಂಭಿಸುತ್ತಾನೆ. ಹಸಿದ ಜನರಿಗೆ ಬೇಕಾಗಿದ್ದುದು ಅನ್ನ, ಅವರು ದಂಗೆಯೇಳುತ್ತಾರೆ. ಇಷ್ಟಾದ ಮೇಲೆ ಕೊನೆಯ ದೃಶ್ಯದ ಪರದೆ ಏಳುತ್ತದೆ.

ಕೊನೆಯ ದೃಶ್ಯದ ನಡೆ

ದೃಶ್ಯವು ತೀರ ಸರಳವಾಗಿದೆ. ರಂಗದ ಮೇಲೆ ಸುಲ್ತಾನನೂ ಬರನಿಯೂ ಇದ್ದಾರೆ. ತನ್ನ ತಾಯಿ ತೀರಿಕೊಂಡಳೆಂಬ ಸುದ್ದಿಯು ಬರನಿಗೆ ಬಂದಿದೆ. ಊರಿಗೆ ಹೋಗಲು ಅವನು ಅಪ್ಪಣೆ ಬೇಡುತ್ತಾನೆ. ಅಷ್ಟರಲ್ಲಿ ಅಜೀಜನ ಜೊತೆಗಾರನಾದ ಆಜಂ ಸತ್ತನೆಂಬ ವಾರ್ತೆ ಬರುತ್ತದೆ. ಸುಲ್ತಾನನು ‘ಪೂಜ್ಯ ಅತಿಥಿ’ಯನ್ನು ಕರೆಯಿಸಿ, ನೀನು ಯಾರೆಂದು ನೇರವಾಗಿ ವಿಚಾರಿಸುತ್ತಾನೆ. ಅಜೀಜನು ಮುಚ್ಚುಮರೆಯಿಲ್ಲದೆ ತನ್ನ ಕಥೆಯನ್ನೆಲ್ಲ ಹೇಳುತ್ತಾನೆ. ಅವನಿಗೆ ಶಿಕ್ಷೆಯಾಗುವುದಿಲ್ಲ, ದಕ್ಷಿಣದಲ್ಲಿ ಒಂದು ಅಧಿಕಾರದ ಹುದ್ದೆ ದೊರೆಯುತ್ತದೆ. ಬರನಿಯು ಇದನ್ನು ಕಂಡು ತತ್ತರಿಸುತ್ತಾನೆ, ಕೊನೆಗೆ ಹೊರಟುಹೋಗುತ್ತಾನೆ. ಸುಲ್ತಾನನಿಗೆ, ಎಷ್ಟೋ ವರ್ಷಗಳಿಂದ ಬಾರದಿದ್ದ ನಿದ್ರೆ, ಸಿಂಹಾಸನದ ಮೇಲೆ ಕುಳಿತಂತೆಯೇ ಬರುತ್ತದೆ. ಆಗ ಪ್ರಾರ್ಥನೆಯ ಬಾಂಗು ಕೇಳಿಸುತ್ತದೆ. ಅದು ಮುಗಿಯುತ್ತಿದ್ದಂತೆ ಅವನು ಬೆಚ್ಚಿ ಕಣ್ತೆರೆದು, ತಾನೆಲ್ಲಿರುವೆನೆಂದು ತಿಳಿಯದವನಂತೆ ಸುತ್ತಲೂ ನೋಡುತ್ತಾನೆ. ನಾಟಕ ಮುಗಿಯಿತು.

ಇಷ್ಟೇ ಕಥೆ. ಆದರೆ ಮೇಲೆ ಹೇಳಿದ ಮೂರು ಸಂಪತ್ತುಗಳೂ ಒಂದರ ಹಿಂದೆ ಒಂದರಂತೆ ಸುಲ್ತಾನನ ಕೈಬಿಡುವುದನ್ನು ನಾವು ಇಲ್ಲಿ ಕಾಣಬಹುದು. ಒಂದೊಂದನ್ನೇ ವಿಚಾರಿಸೋಣ.

ನ್ಯಾಯವು ಕೈಬಿಟ್ಟುದು

ಅಜೀಜನ ವಿಚಾರಣೆಯು ಮೊದಲ ದೃಶ್ಯದ ನ್ಯಾಯದಾನದ ತಲೆಕೆಳಗಾದ ರೂಪ. ಅಲ್ಲಿ ನೂರಾರು ಜನರೆದುರು ತೀರ್ಪಾಯಿತು. ಇಲ್ಲಿ ಮುಚ್ಚಿದ ಕೋಣೆಯಲ್ಲಿ ಆಗುತ್ತದೆ. ಅಲ್ಲಿ ಸುಲ್ತಾನನು ಪ್ರತಿವಾದಿ, ಅಜೀಜ್ ವಾದಿ. ಇಲ್ಲಿ ಅಜೀಜ್ ಅಪರಾಧಿ, ಸುಲ್ತಾನನೇ ನ್ಯಾಯಾಧೀಶ. ಎರಡು ಕಡೆಯೂ ಕೊನೆಗೆ ಅಜೀಜನಿಗೆ ಸರಕಾರದ ಹುದ್ದೆಯೇ ದೊರೆಯುತ್ತದೆ ಎಂಬುದನ್ನು ಗಮನಿಸಿರಿ. ಮೊದಲನೆಯ ಸಲ ಸುಲ್ತಾನನು ಅರಿಯದೆ ಕೊಟ್ಟನು. ಎರಡನೆಯ ಸಲ ಎಲ್ಲವನ್ನೂ ಅರಿತು ಕೊಡುತ್ತಾನೆ.

ಅರಿತೂ ಏಕೆ ಕೊಟ್ಟನು? ಇದಕ್ಕೆ ಎರಡು ಕಾರಣಗಳು ತೋರಿಬರುತ್ತವೆ. ಹೊರಗಿನ ಕಾರಣವು ರಾಜಕಾರಣದ್ದು. ಸಮಸ್ತ ಪ್ರಜೆಗಳ ಮುಂದೆ ಯಾರನ್ನು ಖಲೀಫರ ವಂಶಜನೆಂದು ಗೌರವಿಸಿ ಬರಮಾಡಿಕೊಂಡನೋ, ಅವನೇ ಕೊಲೆಗಡುಕನೆಂದು ಈಗ ಸಾರಿದರೆ ದೊರೆಯ ಮರ್ಯಾದೆ ಉಳಿಯುವುದಿಲ್ಲ. ಶಿಹಾಬುದ್ದೀನನನ್ನು ತಾನೇ ಕೊಂದು, ಅವನು ದೊರೆಗಾಗಿ ಮಡಿದ ಹುತಾತ್ಮನೆಂದು ಹೊರಗೆ ಸಾರಿಸಿದಾಗಲೇ ಸುಲ್ತಾನನು ಈ ಸುಳ್ಳಿನ ದಾರಿಗೆ ಇಳಿದಿದ್ದನು. ಒಂದು ಸುಳ್ಳನ್ನು ಕಾಯಲು ಇನ್ನೊಂದು ಸುಳ್ಳನ್ನು ನೇಮಿಸಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಒಳಗಿನ ಕಾರಣವು ಇನ್ನೂ ಆಳವಾದುದು. ಅಜೀಜನು ತನ್ನನ್ನು ಸುಲ್ತಾನನ ನಿಷ್ಠಾವಂತ ಅನುಯಾಯಿಯೆಂದೇ ವರ್ಣಿಸಿಕೊಳ್ಳುತ್ತಾನೆ. ವಿಚಾರಮಾಡಿದರೆ ಅದು ಬರಿಯ ಉದ್ಧಟತನವಲ್ಲ. ಸುಲ್ತಾನನು ಮಾಡಿದ ಒಂದೊಂದು ಸುಧಾರಣೆಗೂ ಅಜೀಜನ ಬಳಿ ಒಂದೊಂದು ವೇಷವಿದೆ. ನ್ಯಾಯದ ಅಪ್ಪಣೆಯಾದಾಗ ಬ್ರಾಹ್ಮಣನಾದನು. ರಾಜಧಾನಿಯು ಹೊರಟಾಗ ಅಧಿಕಾರಿಯಾದನು. ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯ ಮಾಡಿದನು. ಪ್ರಾರ್ಥನೆಗಾಗಿ ಪವಿತ್ರ ಅತಿಥಿ ಬೇಕಾದಾಗ ಅತಿಥಿಯೇ ಆದನು. ಸುಲ್ತಾನನ ಕನಸುಗಳು ನೆಲಕ್ಕಿಳಿದಾಗ ಯಾವ ಆಕಾರ ತಾಳಿದವು ಎಂಬುದರ ಲೆಕ್ಕವೇ ಅಜೀಜನ ಜೀವನಚರಿತ್ರೆ. ಹೀಗಿರಲು ಅವನನ್ನು ಶಿಕ್ಷಿಸುವುದೆಂದರೆ ಕನ್ನಡಿಯನ್ನು ಒಡೆದಂತೆ. ಕನ್ನಡಿ ಒಡೆದರೆ ಮುಖವು ಬದಲಾಗುವುದಿಲ್ಲ. ಈ ಸತ್ಯವನ್ನು ಅರಿತುಕೊಂಡ ಸುಲ್ತಾನನಿಗೆ ನ್ಯಾಯಾಧೀಶನ ಪೀಠದಲ್ಲಿ ಕುಳಿತುಕೊಳ್ಳುವ ಧೈರ್ಯ ಉಳಿಯಲಿಲ್ಲ. ಅರಿಸ್ಟಾಟಲನು ಹೇಳಿದ ‘ಅರಿವು’ ಇಲ್ಲಿಯೇ ಉಂಟಾಗುತ್ತದೆ.

ಗೆಳೆತನವು ಕೈಬಿಟ್ಟುದು

ಈಗ ಬರನಿಯ ಕಡೆಗೆ ನೋಡೋಣ. ನಾಟಕದುದ್ದಕ್ಕೂ ಇವನು ರಕ್ತಪಾತ ಬೇಡವೆಂದು ಬೇಡಿಕೊಂಡವನು; ಸುಲ್ತಾನನ ಮನಸ್ಸಾಕ್ಷಿಯಂತೆ ಇದ್ದವನು. ಅಂತಹ ಬರನಿಯೇ ಈಗ ಅಜೀಜನ ಕಥೆಯನ್ನು ಕೇಳಿ, ಈ ದುಷ್ಟನಿಗೆ ಘೋರವಾದ ಶಿಕ್ಷೆಯಾಗಲೇಬೇಕೆಂದು ಉದ್ವೇಗದಿಂದ ನುಡಿಯುತ್ತಾನೆ. ಸುಲ್ತಾನನು ಅವನ ಮಾತನ್ನು ಅವನ ಕಡೆಗೇ ತಿರುಗಿಸುತ್ತಾನೆ. ನ್ಯಾಯವೆಂಬುದು ಬರನಿಯು ತಿಳಿದಷ್ಟು ಸುಲಭವಾಗಿಲ್ಲವೆಂಬುದು ಅವನ ಮಾತಿನ ತಾತ್ಪರ್ಯ. ತನ್ನ ಬಾಯಿಂದಲೇ ಹಿಂಸೆಯ ಮಾತು ಹೊರಟುದನ್ನು ಕಂಡು ಬರನಿಯು ನಡುಗುತ್ತಾನೆ. ಇನ್ನು ಇಲ್ಲಿ ನಿಂತರೆ ತಾನೂ ಜಾರುವೆನೆಂದು ಅವನಿಗೆ ಅನಿಸುತ್ತದೆ.

ಬರನಿಯು ಹೊರಡುವುದಕ್ಕೆ ತಾಯಿಯ ಮರಣವು ನಿಜವಾದ ಕಾರಣವೋ, ನೆಪವೋ? ನಾಟಕಕಾರರು ಇದನ್ನು ಬಿಡಿಸಿ ಹೇಳಿಲ್ಲ. ಎರಡೂ ಸೇರಿವೆಯೆಂದು ಭಾವಿಸುವುದೇ ಸರಿ. ತಾಯಿಗಾಗಿ ದುಃಖಿಸುವ ಮಗನು, ತನ್ನ ತಾಯಿಸಮಾನಳನ್ನು ಕಲ್ಲೆಸೆದು ಕೊಲ್ಲಿಸಿದ ದೊರೆಯ ಮುಂದೆ ನಿಂತು ರಜೆ ಬೇಡುತ್ತಿದ್ದಾನೆ. ನಾಟಕಕಾರರು ಈ ಹೋಲಿಕೆಯನ್ನು ಮಾತಿನಲ್ಲಿ ಎತ್ತಿ ತೋರಿಸದಿದ್ದರೂ ಪ್ರೇಕ್ಷಕನ ಮನಸ್ಸಿಗೆ ಅದು ತಟ್ಟದೆ ಇರದು.

ಇಲ್ಲಿ ರಂಗದ ಮೇಲಿನ ಜನರನ್ನು ಎಣಿಸಿ ನೋಡುವುದು ಒಂದು ಒಳ್ಳೆಯ ಅಭ್ಯಾಸ. ಮೊದಲ ದೃಶ್ಯದಲ್ಲಿ ಅಂಗಳ ತುಂಬ ಜನ. ಎರಡನೆಯ ದೃಶ್ಯದಲ್ಲಿ ಆಪ್ತರ ಗುಂಪು. ಕೊನೆಯ ದೃಶ್ಯದ ಮೊದಲಿಗೆ ಇಬ್ಬರು. ಅಜೀಜ್ ಬಂದಾಗ ಮೂವರು. ಅವನು ಹೋದಾಗ ಇಬ್ಬರು. ಬರನಿಯೂ ಹೋದಾಗ ಒಬ್ಬನೇ. ಸುಲ್ತಾನನನ್ನು ಯಾವ ಶತ್ರುವೂ ಸೋಲಿಸಲಿಲ್ಲ. ಅವನ ಸುತ್ತಲಿನ ಜನ ಒಬ್ಬೊಬ್ಬರಾಗಿ ಕಡಮೆಯಾದರು. ಅವನಲ್ಲಿ ಪ್ರಜೆಗಳ ಮೇಲೆ ಪ್ರೀತಿಯಿತ್ತು. ಪ್ರಜೆಗಳ ಮಾತನ್ನು ಕೇಳುವ ತಾಳ್ಮೆಯಿರಲಿಲ್ಲ. ತನ್ನ ಕನಸಿನ ವೇಗಕ್ಕೆ ಉಳಿದವರೂ ಓಡಬೇಕೆಂದು ಬಯಸಿದನು, ಓಡಲಾರದವರನ್ನು ಎಳೆದನು, ಎಳೆದಾಗ ಬಿದ್ದವರನ್ನು ದ್ರೋಹಿಗಳೆಂದನು. ಅವನ ಪ್ರಮಾದವನ್ನು ಹೆಸರಿಸಬೇಕಾದರೆ ಇದನ್ನೇ ಹೆಸರಿಸಬೇಕು.

ನಮ್ಮ ಮುಂಬಯಿಯ ಕನ್ನಡ ಮನೆಗಳಲ್ಲಿ ಹಿರಿಯರು ಊರು ಬಿಟ್ಟು ಬಂದ ಕಥೆಯನ್ನು ಹೇಳುವುದುಂಟು. ಕೆಲವರು ಮಂಗಳೂರು, ಉಡುಪಿಗಳ ಕಡೆಯಿಂದ, ಕೆಲವರು ವಿಜಾಪುರ, ಧಾರವಾಡಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದರು. ಸ್ವಂತ ಇಚ್ಛೆಯಿಂದ ಬಂದಾಗಲೂ ಊರು ಬಿಡುವ ನೋವು ಎಷ್ಟೆಂಬುದು ಅವರಿಗೆ ಗೊತ್ತು. ಹಾಗಿರುವಾಗ ಒಬ್ಬ ದೊರೆಯ ಅಪ್ಪಣೆಗಾಗಿ ಮನೆ, ಬಾವಿ, ಹಿರಿಯರ ಗೋರಿಗಳನ್ನು ಬಿಟ್ಟು ನೂರಾರು ಹರದಾರಿ ನಡೆದ ದಿಲ್ಲಿಯ ಜನರ ಪಾಡನ್ನು ನಾವು ಊಹಿಸಿಕೊಳ್ಳಬಹುದು. ಸುಲ್ತಾನನ ಉದ್ದೇಶವು ಕೆಟ್ಟುದಾಗಿರಲಿಲ್ಲ. ಅದಕ್ಕೆ ಬೆಲೆ ತೆತ್ತವರು ಮಾತ್ರ ಬೇರೆಯವರು. ಕೊನೆಯ ದೃಶ್ಯದಲ್ಲಿ ದಿಲ್ಲಿಗೆ ಮರಳುವ ಮಾತು ಬಂದಾಗ, ಆ ಮಗುವಿನ ತಾಯಿಗೆ ಈ ಮರುಪ್ರಯಾಣದಿಂದ ಬಂದ ಲಾಭವೇನು ಎಂದು ನಾವು ಕೇಳಿಕೊಳ್ಳಬೇಕು.

ಪ್ರಾರ್ಥನೆ ಮತ್ತು ನಿದ್ರೆ

ಕೊನೆಯ ಕೆಲವು ಕ್ಷಣಗಳಲ್ಲಿ ಮಾತೇ ಇಲ್ಲ. ಆದರೂ ನಾಟಕದ ಸಾರವೆಲ್ಲ ಅಲ್ಲಿಯೇ ಇದೆಯೆಂದರೆ ತಪ್ಪಾಗಲಾರದು.

ನಿದ್ರೆಯ ವಿಷಯವು ಎರಡನೆಯ ದೃಶ್ಯದಿಂದಲೇ ಬರುತ್ತದೆ. ಆಗ ಸುಲ್ತಾನನು ನಿದ್ರೆಯನ್ನು ತಾನಾಗಿ ದೂರವಿಟ್ಟಿದ್ದನು. ಮಾಡಬೇಕಾದ ಕೆಲಸ ಅಷ್ಟಿತ್ತು. ಎಂಟನೆಯ ದೃಶ್ಯದಲ್ಲಿ ನಿದ್ರೆಯೇ ಅವನನ್ನು ಬಿಟ್ಟಿದೆ. ಅವನು ನಡುರಾತ್ರಿಯಲ್ಲಿ ದೌಲತಾಬಾದಿನ ಕೋಟೆಯ ಮೇಲೆ ಅಲೆಯುತ್ತಾನೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯಬಹುದು. ಅಲ್ಲಿಯೂ ಕೊಲೆ ಮಾಡಿದ ದೊರೆಯ ನಿದ್ರೆ ಹಾರಿಹೋಗುತ್ತದೆ. ಅವನ ರಾಣಿಯು ಕೊನೆಯ ಅಂಕದ ಮೊದಲಲ್ಲಿ ನಿದ್ರೆಯಲ್ಲಿಯೇ ನಡೆದಾಡುತ್ತಾಳೆ. ಆದರೆ ಮ್ಯಾಕ್‌ಬೆತ್ ಕತ್ತಿ ಹಿಡಿದು ಹೋರಾಡಿ ಸಾಯುತ್ತಾನೆ. ಮಹಮ್ಮದನಿಗೆ ಎದುರಾಳಿಯೇ ಇಲ್ಲ. ಅವನಿಗೆ ಇಷ್ಟು ವರ್ಷಗಳ ಮೇಲೆ ನಿದ್ರೆ ಬರುವುದು ಮನಸ್ಸು ಶಾಂತವಾದುದರಿಂದಲ್ಲ. ಅವನಲ್ಲಿ ಇನ್ನು ಯಾವ ಆಸೆಯೂ ಉಳಿದಿಲ್ಲವಾದುದರಿಂದ.

ಆ ನಿದ್ರೆಯು ಬಂದುದು ಯಾವ ಹೊತ್ತಿನಲ್ಲಿ? ಪ್ರಾರ್ಥನೆಯ ಹೊತ್ತಿನಲ್ಲಿ. ಐದು ವರ್ಷಗಳ ಕಾಲ ನಿಂತುಹೋಗಿದ್ದ ಬಾಂಗು ಈಗ ರಂಗವನ್ನೆಲ್ಲ ತುಂಬುತ್ತದೆ. ಹಿಂದೆ ದಿನಕ್ಕೈದು ಸಲ ಪ್ರಾರ್ಥಿಸಲು ನಾಡಿಗೆಲ್ಲ ಆಜ್ಞೆ ಮಾಡಿದವನು ಈಗ ಆ ಕರೆಯ ನಡುವೆ ಮಲಗ‌ಿದ್ದಾನೆ. ಇನ್ನೊಂದು ಸಂಗತಿಯೂ ಇಲ್ಲಿ ಅಡಗಿದೆ. ಈ ಬಾಂಗು ಮತ್ತೆ ಕೇಳಿಸಲು ಕಾರಣನಾದವನು ಯಾರು? ವೇಷಧಾರಿಯಾದ ಅಜೀಜ್. ಅಂದರೆ ದೇವರನ್ನು ಕರೆಯುವ ಧ್ವನಿಯು ಕೂಡ ಒಂದು ಕೊಲೆಯ ಮೇಲೆ, ಒಂದು ಸುಳ್ಳಿನ ಮೇಲೆ ನಿಂತಿದೆ. ಕರೆಯು ಪವಿತ್ರವಾದುದೇ, ಅದನ್ನು ರಾಜಕಾರಣಕ್ಕಾಗಿ ನಿಲ್ಲಿಸಿ, ರಾಜಕಾರಣಕ್ಕಾಗಿ ಆರಂಭಿಸಿದವನಿಗೆ ಅದು ಮುಟ್ಟುವುದಿಲ್ಲ.

ಕರೆಯು ನಿಂತ ಮೇಲೆ ಸುಲ್ತಾನನು ಕಣ್ತೆರೆಯುತ್ತಾನೆ. ಕರೆಯ ಸಮಯವು ಮೀರಿಹೋಗಿದೆ. ಎದುರಿಗೆ ಯಾರೂ ಇಲ್ಲ. ಪಾತ್ರಧಾರಿಯಾದವನು ಇಲ್ಲಿ ಕಿರಿಚಬೇಕಾಗಿಲ್ಲ, ಅಳಬೇಕಾಗಿಲ್ಲ. ಅಪರಿಚಿತವಾದ ಸ್ಥಳದಲ್ಲಿ ಎಚ್ಚತ್ತ ಮಗುವಿನಂತೆ ನೋಡಿದರೆ ಸಾಕು. ತನ್ನ ಒಂದೊಂದು ಹೆಜ್ಜೆಯನ್ನೂ ಚದುರಂಗದ ಆಟದಂತೆ ಲೆಕ್ಕಹಾಕಿದ್ದ ಮೇಧಾವಿಗೆ ಈಗ ತಾನೆಲ್ಲಿ ಕುಳಿತಿದ್ದೇನೆಂಬುದೇ ತಿಳಿಯದಾಗಿದೆ. ಸತ್ತಿದ್ದರೆ ಅವನಿಗೆ ಈ ಎಚ್ಚರವು ಇರುತ್ತಿರಲಿಲ್ಲ. ಆದುದರಿಂದಲೇ ನಾಟಕಕಾರರು ಅವನನ್ನು ಸಾಯಗೊಡಲಿಲ್ಲ.

ಇತಿಹಾಸ ಮತ್ತು ನಾಟಕ

ಇತಿಹಾಸದ ಮಹಮ್ಮದ್ ಬಿನ್ ತುಘಲಕ್ ೧೩೨೫ರಿಂದ ೧೩೫೧ರ ವರೆಗೆ ಆಳಿದನು. ಸಿಂಧದ ಠಟ್ಟಾ ಪಟ್ಟಣದ ಹತ್ತಿರ ದಂಡಯಾತ್ರೆಯಲ್ಲಿದ್ದಾಗ ಕಾಯಿಲೆಯಿಂದ ತೀರಿಕೊಂಡನು. ನಾಟಕವು ನಿಂತಲ್ಲಿಂದ ಮುಂದೆ ಇನ್ನೂ ಸುಮಾರು ಇಪ್ಪತ್ತು ವರ್ಷ ಅವನು ಬದುಕಿದ್ದನು. ಜಿಯಾವುದ್ದೀನ್ ಬರನಿಯೂ ನಿಜವಾದ ವ್ಯಕ್ತಿ. ಅವನು ಬಹುಕಾಲ ಈ ಸುಲ್ತಾನನ ಆಸ್ಥಾನದಲ್ಲಿದ್ದನು. ಸುಲ್ತಾನನ ಮರಣದ ಬಳಿಕ ಮುಪ್ಪಿನಲ್ಲಿ, ೧೩೫೭ರ ಸುಮಾರಿಗೆ, ‘ತಾರೀಖ್-ಎ-ಫಿರೋಜ್‌ಶಾಹಿ’ ಎಂಬ ಇತಿಹಾಸವನ್ನು ಮುಗಿಸಿದನು. ಈಜಿಪ್ಟಿನಲ್ಲಿದ್ದ ಖಲೀಫರ ಮನ್ನಣೆ ಬರುವ ತನಕ ಈ ಸುಲ್ತಾನನು ಶುಕ್ರವಾರದ ಮತ್ತು ಹಬ್ಬದ ಸಾಮೂಹಿಕ ಪ್ರಾರ್ಥನೆಗಳನ್ನು ನಿಲ್ಲಿಸಿದ್ದನೆಂದು ಬರನಿಯೇ ಬರೆದಿದ್ದಾನೆ. ನಾಟಕಕಾರರು ಈ ಬೀಜವನ್ನು ತೆಗೆದುಕೊಂಡು ಅಮೀರರ ಸಂಚಿನೊಡನೆ ಹೆಣೆದರು. ಅಜೀಜನ ವೇಷಗಳನ್ನು ಅದಕ್ಕೆ ಸೇರಿಸಿದರು. ಇತಿಹಾಸಕಾರನು ಏನು ನಡೆಯಿತೆಂದು ಕೇಳುತ್ತಾನೆ. ನಾಟಕಕಾರನು ನಡೆದುದರ ಒಳಗೆ ಮನುಷ್ಯನಿಗೆ ಏನಾಯಿತೆಂದು ಕೇಳುತ್ತಾನೆ. ಪರೀಕ್ಷೆಯಲ್ಲಿ ಇವೆರಡನ್ನೂ ಬೆರಸಿ ಬರೆಯದಂತೆ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು.

ಉಪಸಂಹಾರ

ಈಗ ನಾವು ಹೊರಟ ಪ್ರಶ್ನೆಗೆ ಬರೋಣ. ಮಹಮ್ಮದನನ್ನು ಹುಚ್ಚನೆಂದು ತಳ್ಳಿಹಾಕಬಹುದೆ? ಕೊನೆಯ ದೃಶ್ಯವನ್ನು ಓದುತ್ತಿರುವಾಗ ಅಜೀಜನಿಗೆ ಕಠಿಣ ಶಿಕ್ಷೆಯಾಗಬೇಕೆಂದು ನಮಗೂ ಅನಿಸುತ್ತದೆ. ಅದೇ ಕ್ಷಣದಲ್ಲಿ ಬರನಿಯು ನಮ್ಮ ಮಾತನ್ನೇ ಆಡುತ್ತಾನೆ. ಆಡಿ, ಬೆಚ್ಚಿ, ಹಿಂದೆ ಸರಿಯುತ್ತಾನೆ. ಅಲ್ಲಿ ಪರೀಕ್ಷೆಗೊಳಗಾಗುವವರು ನಾವು. ತಪ್ಪು ಮಾಡಿದವನನ್ನು ತಪ್ಪಿತಸ್ಥನೆಂದು ಹೇಳಲೇಬೇಕು. ಆ ತಾಯಿಯ ಮಗುವಿನ ಸಾವಿಗೆ ಸುಲ್ತಾನನೂ ಹೊಣೆಗಾರನೇ. ಆದರೆ ಹಾಗೆ ಹೇಳುವಾಗ ನಾವು ಸುಲಭವಾದ ಕೋಪದಿಂದ ಹೇಳುತ್ತೇವೆಯೋ, ತಿಳಿವಳಿಕೆಯಿಂದ ಹೇಳುತ್ತೇವೆಯೋ ಎಂಬುದನ್ನು ನೋಡಿಕೊಳ್ಳಬೇಕು. ದುರಂತ ನಾಟಕವು ಹುಟ್ಟಿಸುವ ಕರುಣೆಯೆಂದರೆ ತಪ್ಪನ್ನು ಮನ್ನಿಸುವುದಲ್ಲ. ತಪ್ಪು ಮಾಡಿದವನೂ ನಮ್ಮಂತಹ ಮನುಷ್ಯನೆಂದು ಮರೆಯದಿರುವುದು.

ದೊಡ್ಡ ಕನಸು ಕಾಣುವುದು ತರುಣರ ಹಕ್ಕು. ಆ ಕನಸಿನಲ್ಲಿ ಉಳಿದವರ ನಡಿಗೆಯ ವೇಗಕ್ಕೂ ಸ್ಥಳವಿರಬೇಕೆಂಬುದನ್ನು ಈ ದೃಶ್ಯವು ಕಲಿಸುತ್ತದೆ. ಮಾಟುಂಗದಲ್ಲಿಯೋ ಮಾಹೀಮಿನಲ್ಲಿಯೋ ನಮ್ಮ ಸಂಘಗಳು ಈ ನಾಟಕವನ್ನು ಆಡಿದಾಗ ತಪ್ಪದೆ ಹೋಗಿರಿ. ಕೊನೆಯ ಬಾಂಗಿನ ಹೊತ್ತಿಗೆ ಎದ್ದು ಹೊರಡುವ ಅವಸರ ಮಾಡದೆ, ಸುಲ್ತಾನನು ಕಣ್ತೆರೆಯುವ ತನಕ ಕುಳಿತಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಮೊದಲ ದೃಶ್ಯದ ನ್ಯಾಯದಾನಕ್ಕೂ ಕೊನೆಯ ದೃಶ್ಯದ ವಿಚಾರಣೆಗೂ ಇರುವ ಸಾಮ್ಯ, ಭೇದಗಳನ್ನು ವಿವರಿಸಿರಿ.

೨. ‘ಅಜೀಜನು ಸುಲ್ತಾನನ ಕನ್ನಡಿ.’ ಈ ಮಾತನ್ನು ಸಮರ್ಥಿಸಿರಿ ಅಥವಾ ಖಂಡಿಸಿರಿ.

೩. ಬರನಿಯು ಸುಲ್ತಾನನನ್ನು ಬಿಟ್ಟುಹೋದುದು ಸರಿಯೆ? ನೀವು ಅವನ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

೪. ಸುಲ್ತಾನನು ರಂಗದ ಮೇಲೆಯೇ ಸಾಯುವಂತೆ ನಾಟಕವು ಮುಗಿದಿದ್ದರೆ ಅದರ ಪರಿಣಾಮವು ಹೆಚ್ಚುತ್ತಿತ್ತೆ, ಕಡಮೆಯಾಗುತ್ತಿತ್ತೆ? ಕಾರಣ ಕೊಟ್ಟು ಬರೆಯಿರಿ.